ಪುರಾಣದ ಶಾಸ್ತ್ರಿಗಳು

ಶ್ರೀಮದ್ಭಾಗವತದಲ್ಲಿ 12 ಸ್ಕಂಧಗಳೂ 18,000 ಶ್ಲೋಕಗಳೂ ಇವೆಯೆಂಬುದು ಪುರಾಣದ ಶಾಸ್ತ್ರಿಗಳಿಗೆ ತಿಳಿಯದ ಸಂಗತಿಯಲ್ಲ. ಆದರೆ ಸಪ್ತಾಹದಲ್ಲಿ ಅದನ್ನು ಹೇಳಿ ಮುಗಿಸಬೇಕಾದವನ ಪಾಂಡಿತ್ಯವೆಲ್ಲ ಯಾವುದನ್ನು ಬಿಡಬೇಕೆಂಬ ವಿವೇಚನೆಯಲ್ಲಿಯೇ ಅಡಗಿದೆಯೆಂಬುದು ಅವರ ದೃಢಮತ. ಪರೀಕ್ಷಿದ್ರಾಜನಿಗೆ ಏಳು ದಿನಗಳ ಗಡುವನ್ನು ವಿಧಿಸಿದ್ದು ಮುನಿಕುಮಾರನ ಶಾಪ. ಶಾಸ್ತ್ರಿಗಳಿಗೆ ವಿಧಿಸಿದ್ದು ಶಾಮಿಯಾನದ ಬಾಡಿಗೆ. ಆದುದರಿಂದ ಕಪಿಲನು ದೇವಹೂತಿಗೆ ಉಪದೇಶಿಸಿದ ಸಾಂಖ್ಯವು ಒಂದು ಚಿಟಿಕೆ ನಶ್ಯ ಏರಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ರುಕ್ಮಿಣೀಕಲ್ಯಾಣವಾದರೋ, ಹೆಂಗಸರು ಫಲತಾಂಬೂಲ ಸಮೇತ ಬರಲು ಅನುಕೂಲವಾಗುವ ಭಾನುವಾರಕ್ಕೇ ತಪ್ಪದೆ ಬೀಳುತ್ತದೆ.

ಪ್ರವಚನಕ್ಕೆ ಅವರು ಸಿದ್ಧರಾಗುವುದು ಗ್ರಂಥದ ಮುಂದಲ್ಲ, ದೇವಸ್ಥಾನದ ಜಗಲಿಯಲ್ಲಿ, ವೀಳ್ಯದೆಲೆಗೆ ಸುಣ್ಣ ಸವರುತ್ತ.

“ಇವೊತ್ತು ಯಾರ್ಯಾರು ಬರ್ತಾರಯ್ಯ?”

“ಅಡಕೆ ಸಾಹುಕಾರರು ಬರ್ತಾರಂತೆ, ಶಾಸ್ತ್ರಿಗಳೆ,” ಎನ್ನುವನು ಅರ್ಚಕ.

“ಹಾಗಾದ್ರೆ ಪ್ರಹ್ಲಾದ ನಾಳೆಗಿರಲಿ. ಇವೊತ್ತು ರಂತಿದೇವ.”

ಏಳನೆಯ ಸ್ಕಂಧಕ್ಕಿಂತ ಒಂಬತ್ತನೆಯದು ಮೊದಲು ಬಂದುದಕ್ಕಾಗಿ ವ್ಯಾಸರು ಈವರೆಗೆ ಆಕ್ಷೇಪಿಸಿದಂತಿಲ್ಲ.

ಪ್ರಹ್ಲಾದಚರಿತ್ರೆಯನ್ನು ಅವರು ಹೇಳುವ ರೀತಿಯನ್ನು ಕಣ್ಣಾರೆ ಕಾಣಬೇಕು. ಹಿರಣ್ಯಕಶಿಪುವು ಕಂಬವನ್ನು ಸಮೀಪಿಸುತ್ತಿದ್ದಂತೆ ಶಾಸ್ತ್ರಿಗಳ ಧ್ವನಿ ತಗ್ಗುತ್ತ, ತಗ್ಗುತ್ತ, ಮುಂದಿನ ಸಾಲಿನವರಿಗೂ ಕೇಳಿಸದಷ್ಟಾಗುತ್ತದೆ, ಅವರ ದೃಷ್ಟಿ ಮಾತ್ರ ಮಂಟಪದ ಕಲ್ಲುಕಂಬಕ್ಕೆ ಒರಗಿ ಬಾಯಿ ತೆರೆದು ನಿದ್ರಿಸುತ್ತಿರುವ ನಿವೃತ್ತ ಶೇಕದಾರರ ಮೇಲಿರುತ್ತದೆ, ಆಮೇಲೆ ಒಮ್ಮೆಲೇ ವ್ಯಾಸಪೀಠದ ಮೇಲೆ ಅಂಗೈ ಅಪ್ಪಳಿಸಿ “ಛಟಿಲ್!” ಎಂದು ಗರ್ಜಿಸುವಲ್ಲಿ ಶೇಕದಾರರು ಎದ್ದು ಕುಳಿತು, ತಮ್ಮ ಹಿಂದಿನ ಕಂಬವನ್ನು ತಿರುಗಿ ನೋಡುತ್ತಾರೆ. ಗಜೇಂದ್ರನ ಕಾಲು ಮೊಸಳೆಯ ಬಾಯಿಗೆ ಸಿಕ್ಕಿದೊಡನೆಯೇ ಪುಸ್ತಕ ಮಡಚಿ ಮಂಗಳ ಹಾಡುವುದೂ ಉಂಟು. ಸಾವಿರ ವರ್ಷ ಹೋರಾಡಿದ ಆನೆಗೆ ಇನ್ನೊಂದು ರಾತ್ರಿ ಹೆಚ್ಚಲ್ಲವಷ್ಟೆ! ಮೇಷ್ಟರೊಬ್ಬರು ತೊಡಕಿನ ಪ್ರಶ್ನೆಯನ್ನೇನಾದರೂ ಎತ್ತಿದರೆ “ಮುಂದೆ ಬರುತ್ತೆ, ಸಾವಧಾನವಾಗಿ ಕೇಳಿ” ಎಂಬ ಸಿದ್ಧೋತ್ತರವಿದೆ. ಅದು ಯಾವ ಸ್ಕಂಧದಲ್ಲಿಯೂ ಬಾರದು.

ಇಷ್ಟಾದರೂ ಅವರನ್ನು ಬರಿಯ ಚತುರರೆಂದು ತಳ್ಳಿಹಾಕಲು ನನಗೆ ಮನಸ್ಸೊಪ್ಪದು. 48 ದಿನ ನಿರಾಹಾರಿಯಾಗಿದ್ದ ರಂತಿದೇವನು ದೊರೆತ ಅನ್ನವನ್ನು ಅತಿಥಿಗಳಿಗಿತ್ತು, ಉಳಿದ ನೀರನ್ನೂ ಬಾಯಾರಿ ಬಂದವನಿಗೆ ಎರೆದ ಪ್ರಸಂಗಕ್ಕೆ ಬಂದಾಗ ಶಾಸ್ತ್ರಿಗಳ ಗಂಟಲು ನಿಜವಾಗಿಯೇ ಬಿಗಿಯಿತು. ಉತ್ತರೀಯದಿಂದ ಕಣ್ಣೊರಸಿಕೊಳ್ಳುತ್ತ, ಸಭೆಯತ್ತ ನೋಡುವುದನ್ನೇ ಮರೆತರು. ಯಾರಿಗಾಗಿ ಈ ಕಥೆಯನ್ನು ಹಿಂದುಮುಂದಾಗಿ ತಂದಿದ್ದರೋ ಆ ಸಾಹುಕಾರರು ಅನ್ನದ ಪಾಲು ಹಂಚುವ ಮುನ್ನವೇ ಎದ್ದು ಚಪ್ಪಲಿ ಮೆಟ್ಟಿದ್ದು ಅವರಿಗೆ ತಿಳಿದದ್ದು ಮಂಗಳಾರತಿಯ ತಟ್ಟೆ ಹಿಂದಿರುಗಿದ ಮೇಲೆಯೇ.