ಮೀಸೆ ಚಿಗುರುವ ಹಾಸ್ಟೆಲು

ಹುಡುಗರ ಹಾಸ್ಟೆಲಿನಲ್ಲಿ ಪಾಠದ ಗಂಟೆಗಿಂತ ಊಟದ ಗಂಟೆಗೇ ಮರ್ಯಾದೆ ಜಾಸ್ತಿ. ಹದಿಮೂರು-ಹದಿನಾಲ್ಕರ ವಯಸ್ಸೇ ಹಾಗೆ. ಮೈಗಿಂತ ಮೊದಲು ಪಾದ ಬೆಳೆಯುತ್ತದೆ. ಜೂನ್‌ನಲ್ಲಿ ಕೊಡಿಸಿದ ಶೂ ದಸರಾ ರಜೆಗೆ ತಮ್ಮನ ಪಾಲು. ಎರಡು ಮುದ್ದೆ ಮುಗಿಸಿದವನು ತಟ್ಟೆ ಚಾಚಿ “ಭಟ್ರೇ, ಇನ್ನೊಂದು” ಅಂದರೆ, “ಭಟ್ರೇ” ಗಂಡಸಿನ ದನಿ, “ಇನ್ನೊಂದು” ಕೀರಲು! ಧ್ವನಿಪೆಟ್ಟಿಗೆ ಹಿಗ್ಗುವ ಕಾಲ. ಯಾರಾದರೂ ನಕ್ಕರೋ, ಪಾಪ, ನಾಳೆಯಿಂದ ಸಾರನ್ನೂ ಸನ್ನೆಯಲ್ಲೇ ಕೇಳುತ್ತಾನೆ.

ಬೆಳಗ್ಗೆ ಐದೂವರೆಗೆ ವಾರ್ಡನ್ ಬಾಗಿಲು ಬಡಿದರೆ ಕಂಬಳಿಯೊಳಗಿಂದ ಬರುವ ಉತ್ತರ ಬರೀ “ಹ್ಞೂಂ”. ಇದು ಪೂರ್ತಿ ಸೋಮಾರಿತನವಲ್ಲ ಸ್ವಾಮಿ. ಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿಯೇ ಸ್ರವಿಸುತ್ತದೆ. ಈ ಗುಟ್ಟು ಹುಡುಗರಿಗೆ ಮಾತ್ರ ಹೇಳಬೇಡಿ!

ಮತ್ತೆ ಊಟದ ಮಾತಿಗೇ ಬಂದರೆ, ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಎಲ್ಲ ಉಚಿತ. ಒಬ್ಬ ಮಗನ ಹಸಿವಿಗೇ ಸುಸ್ತಾಗುವ ನಾವು ಅಲ್ಲಿನ ಅಡುಗೆಮನೆಗೆ ಒಮ್ಮೆ ಕೈಮುಗಿದು ಬರಬೇಕು.

ಭಾನುವಾರ ಹಾಸ್ಟೆಲಿಗೆ ಹೋಗುವ ಅಪ್ಪ-ಅಮ್ಮಂದಿರೇ, ಕೋಡುಬಳೆ ಡಬ್ಬ ದೊಡ್ಡದೇ ಇರಲಿ. ರೂಮಿನವರಿಗೆ ಹಂಚಿ ಉಳಿದದ್ದಷ್ಟೇ ನಿಮ್ಮವನಿಗೆ. ಮಾರ್ಕ್ಸ್ ವಿಚಾರ ಅವನು ತಿಂದು ಮುಗಿಸಿದ ಮೇಲೆ ಕೇಳಿ.