ಭಂಡಾರಾಂತರ ಮೀಮಾಂಸೆ: ದಾಬಸ್‌ಪೇಟೆ ಪಾಠ

ದುಡ್ಡು ಕಟ್ಟಿದವನಿಗೆ ಹಳೆಯ ಸರಕು, ಕಟ್ಟದವನಿಗೆ ಹೊಸ ಸರಕು ಕೊಡುವ ಅಂಗಡಿ ಲೋಕದಲ್ಲಿ ಉಂಟೇ? ಈ ಪ್ರಶ್ನೆಯನ್ನು ನಮ್ಮ ಪೂರ್ವಸೂರಿಗಳು ಎತ್ತಲಿಲ್ಲ. ಅವರ ಬಳಿ ಸರ್ವರ್ ಇರಲಿಲ್ಲವಾದ್ದರಿಂದ ಕ್ಷಮಿಸಬಹುದು.

ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ದಾಬಸ್‌ಪೇಟೆ. ನೆಲಮಂಗಲ ತಾಲ್ಲೂಕು, ತುಮಕೂರು ರಸ್ತೆ. ಪಕ್ಕಕ್ಕೆ ಸೋಂಪುರ ಕೈಗಾರಿಕಾ ಪ್ರದೇಶ, ತಲೆ ಎತ್ತಿದರೆ ಶಿವಗಂಗೆ. ಆಯ್ಕೆ ಆಕಸ್ಮಿಕವಲ್ಲ. ಬ್ರಿಟಿಷರ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ದಾಬ್ಸ್ ಸಾಹೇಬರ ಹೆಸರಿನ ಊರು ಇದು. ಸಾಹೇಬರು ಹೋದರು, ಅವರ ಸರ್ಕಾರವೂ 1947ರಲ್ಲಿ ಗಂಟು ಕಟ್ಟಿತು, ಬಸ್ಸಿನ ಬೋರ್ಡಿನಲ್ಲಿ ಮಾತ್ರ ಹೆಸರು ಹಾಗೇ ಇದೆ. ಚಂದಾ ತೀರಿದ ಮೇಲೂ ಹಳೆಯ ಸಾಲು ಅಳಿಯದೆ ಉಳಿಯುವುದಕ್ಕೆ ಇದಕ್ಕಿಂತ ಪುರಾತನ ಸಾಕ್ಷ್ಯ ಈ ತಾಲ್ಲೂಕಿನಲ್ಲಿ ಪ್ರಬಂಧಕಾರನಿಗೆ ದೊರೆತಿಲ್ಲ.

ಸೋಂಪುರದಲ್ಲಿ ಒಂದು ಕಾರ್ಖಾನೆ ಎಂದುಕೊಳ್ಳೋಣ. ಹೆಸರು ಬೇಡ, ಮೀಮಾಂಸಕನಿಗೆ ಜಾತಿ ಸಾಕು, ವ್ಯಕ್ತಿ ಬೇಕಿಲ್ಲ. ಅಲ್ಲಿನ ಸರ್ವರಿನಲ್ಲಿ ಪ್ರಾಕ್ಸ್‌ಮಾಕ್ಸ್ ಇದೆ. ವಿಯೆನ್ನಾದ ಕಂಪನಿಯೊಂದು ಡೆಬಿಯನ್ ಮೇಲೆ ಕಟ್ಟಿ 2008ರಲ್ಲಿ ಹೊರತಂದದ್ದು. ಹಾಜರಿ, ಸ್ಟೋರ್ಸ್, ಟ್ಯಾಲಿ ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ ಬೇರೆ ಬೇರೆ ಯಂತ್ರಗಳೆಂಬ ಭ್ರಮೆಯಲ್ಲಿ ಬಾಳುತ್ತವೆ. 2023ರ ನವೆಂಬರಿನಲ್ಲಿ ಇದೇ ಕೆಲಸದ ವಿಎಂವೇರ್ ಬ್ರಾಡ್‌ಕಾಮ್ ಪಾಲಾಗಿ ಶಾಶ್ವತ ಲೈಸೆನ್ಸು ನಿಂತ ಮೇಲೆ ಇತ್ತ ಬಂದ ವಲಸಿಗರು ಬಹಳ.

ಇನ್ನು ಪೂರ್ವಪಕ್ಷ. ಇದನ್ನು ಮಂಡಿಸುವುದು ಅಕೌಂಟ್ಸ್ ಸಂಪ್ರದಾಯ: "ಏನ್ ಸಾರ್, ಸಾಫ್ಟ್‌ವೇರ್ ಫ್ರೀ ಅಂತೀರಿ, ವರ್ಷಾ ವರ್ಷ ಯೂರೋದಲ್ಲಿ ಬಿಲ್ ತರ್ತೀರಿ?" ಅದೂ ಸಾಕೆಟ್ ಲೆಕ್ಕದಲ್ಲಿ, ಬೋರ್ಡಿನ ಮೇಲೆ ಎರಡು ಸಿಪಿಯು ಕೂತಿದ್ದರೆ ಎರಡು ಪಾಲು. ಸರ್ವರ್ ಕೋಣೆ ಸಂಪ್ರದಾಯದ ಉತ್ತರ: ಸಾಫ್ಟ್‌ವೇರ್ ಮುಕ್ತವೇ, ಲೈಸೆನ್ಸು ಎಜಿಪಿಎಲ್, ಕಾಸು ಕಟ್ಟುವುದು ಎಂಟರ್‌ಪ್ರೈಸ್ ಎಂಬ ಭಂಡಾರದ ಬೀಗದ ಕೈಗೆ, ಮೇಲಿನ ಪ್ಲಾನಾದರೆ ಕಷ್ಟಕಾಲದ ಸಹಾಯಕ್ಕೂ. ವಾದದಲ್ಲಿ ಗೆದ್ದವರು ಸರ್ವರ್ ಕೋಣೆಯವರು. ಚಂದಾ ನಿಂತಿತು.

ನಿಂತ ಮೇಲೆ ಏನಾಯಿತು? ಏನೂ ಆಗಲಿಲ್ಲ. ಅನರ್ಥದ ಬೇರು ಇಲ್ಲಿದೆ. ಸರ್ವರ್ ಓಡುತ್ತದೆ, ಹಾಜರಿ ಬೀಳುತ್ತದೆ. ಆ್ಯಪ್ಟ್ ಅಪ್‌ಡೇಟ್ ಕೊಟ್ಟಾಗ ಡೆಬಿಯನ್ ಭಂಡಾರಗಳು ಸಲೀಸಾಗಿ ಉತ್ತರಿಸಿ, ಎಂಟರ್‌ಪ್ರೈಸ್ ಮಾತ್ರ "401 ಅನ್‌ಆಥರೈಸ್ಡ್" ಎನ್ನುತ್ತದೆ. ಉಪಮಾನ ಪ್ರಮಾಣಕ್ಕೆ ಶಿವಗಂಗೆಯ ಒಳಕಲ್ಲು ತೀರ್ಥವೇ ಸಾಕು: ಕಲ್ಲಿನ ಕುಳಿಯೊಳಗೆ ಎಲ್ಲರೂ ಕೈ ಹಾಕುತ್ತಾರೆ, ಪುಣ್ಯವಂತರಿಗೆ ಮಾತ್ರ ನೀರು ತಾಗುತ್ತದಂತೆ. ಇಲ್ಲಿ ಪುಣ್ಯಕ್ಕೆ ಮುಕ್ತಾಯದ ದಿನಾಂಕ ಉಂಟು, ಅಷ್ಟೇ ಭೇದ. ಅರ್ಧ ಅಪ್‌ಡೇಟ್ ಆಗಿ ಅರ್ಧ ಆಗದ ಸರ್ವರ್ ತಿಂಗಳುಗಟ್ಟಲೆ ಹಾಗೇ ಇದ್ದರೂ ಕೇಳುವವರಿಲ್ಲ.

ಆದ್ದರಿಂದ ಗ್ರಂಥಸಂಪಾದನೆ ಅನಿವಾರ್ಯ. ಡೆಬಿಯನ್‌ನ ಬುಕ್‌ವರ್ಮ್ ಪಾಠದಲ್ಲಿ ಭಂಡಾರದ ವಿಳಾಸ ಶಾಸನದಂತೆ ಒಂದೇ ಸಾಲು. ಮುಂದೆ ಹ್ಯಾಶ್ ಚಿಹ್ನೆ ಇಟ್ಟರೆ ಪ್ರಕ್ಷಿಪ್ತವೆಂದು ಆ್ಯಪ್ಟ್ ಅದನ್ನು ಓದುವುದಿಲ್ಲ. 2025ರಲ್ಲಿ ಬಂದ ಪ್ರಾಕ್ಸ್‌ಮಾಕ್ಸ್ ಒಂಬತ್ತನೆಯ ಆವೃತ್ತಿಯ ಟ್ರಿಕ್ಸಿ ಪಾಠ ಹಲವು ಸಾಲಿನ ಗದ್ಯ. ಅಲ್ಲಿ "ಎನೇಬಲ್ಡ್: ಫಾಲ್ಸ್" ಎಂದು ಸೇರಿಸಬೇಕು. ಬಳಿಕ ನೋ-ಸಬ್‌ಸ್ಕ್ರಿಪ್ಷನ್ ಭಂಡಾರವನ್ನು ಬರೆಯುವುದು. ಇಷ್ಟಾದರೂ 401 ಹೋಗದೆ ಇದ್ದಲ್ಲಿ ಹೆದರತಕ್ಕದ್ದಲ್ಲ. ಸೆಫ್ ಎಂಬ ಖಿಲಭಾಗಕ್ಕೆ ಬೇರೆ ಕಡತವಿದೆ, ಅದರಲ್ಲೂ ಎಂಟರ್‌ಪ್ರೈಸ್ ಅಡಗಿ ಕೂತಿರುತ್ತದೆ. ಅಪ್‌ಗ್ರೇಡ್ ಶಾಖೆ, ಡಿಸ್ಟ್-ಅಪ್‌ಗ್ರೇಡ್ ಶಾಖೆಗಳ ಜಗಳದಲ್ಲಿ ಪ್ರಬಂಧಕಾರ ಎರಡನೆಯ ಪಕ್ಷ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಬರಿ ಅಪ್‌ಗ್ರೇಡ್ ಕೊಟ್ಟರೆ ಹೊಸ ಅವಲಂಬನೆಗಳು ಬಿಟ್ಟುಹೋಗಿ ಯಂತ್ರ ಕೆಡಬಹುದು. ಇದು ಅಣಕಲ್ಲ.

ಈಗ ಸಿದ್ಧಾಂತ. ಪ್ಯಾಕೇಜು ಮೊದಲು ಟೆಸ್ಟ್ ಭಂಡಾರಕ್ಕೆ, ಅಲ್ಲಿಂದ ನೋ-ಸಬ್‌ಸ್ಕ್ರಿಪ್ಷನ್‌ಗೆ ಇಳಿದು, ಅಲ್ಲಿ ಯಾರ ಸರ್ವರೂ ಬೀಳಲಿಲ್ಲವೆಂದು ಖಾತ್ರಿಯಾದ ಮೇಲೆ ಎಂಟರ್‌ಪ್ರೈಸ್ ಸೇರುತ್ತದೆ. ಅಂದರೆ ಚಂದಾದಾರ ಕೊಳ್ಳುವುದು ವಿಳಂಬವನ್ನು. ಚಂದಾ ಬಿಟ್ಟವನು ಬಿಟ್ಟಿ ಗಿರಾಕಿಯಾಗುವುದಿಲ್ಲ; ಸಂಬಳವಿಲ್ಲದ ಪರೀಕ್ಷಕನಾಗಿ ಕೆಲಸಕ್ಕೆ ಸೇರುತ್ತಾನೆ. ಸೋಂಪುರದಲ್ಲಿ ಅವನ ಸರ್ವರ್ ಬಿದ್ದರೆ ಎಲ್ಲೋ ಒಬ್ಬ ಚಂದಾದಾರನ ರಾತ್ರಿ ಸುಖವಾಗಿ ಕಳೆಯುತ್ತದೆ. ಅಕೌಂಟ್ಸ್ ವಿಭಾಗದ ಉಳಿತಾಯದ ಪಟ್ಟಿಯಲ್ಲಿ ಈ ನೌಕರಿಯ ಉಲ್ಲೇಖ ಇರುವುದಿಲ್ಲ. ಮನಸ್ಸು ಬದಲಾಗಿ ಮರಳಿ ಚಂದಾ ಕಟ್ಟಿದರೂ ಪ್ಯಾಕೇಜು ತಾನಾಗಿ ಹಿಂದಕ್ಕೆ ಹೋಗದು. ಎಂಟರ್‌ಪ್ರೈಸ್ ತನ್ನ ನಿಧಾನದಲ್ಲಿ ಬಂದು ಮುಟ್ಟುವವರೆಗೆ ಕಾಯಬೇಕು.

ಕಡೆಯದಾಗಿ ಒಂದು ವಿವಾದ. ಚಂದಾ ಇಲ್ಲದವನು ಲಾಗಿನ್ ಆದಾಗಲೆಲ್ಲ "ನಿಮಗೆ ಚಂದಾ ಇಲ್ಲ" ಎಂದು ಕಿಟಕಿಯೊಂದು ಇಣುಕುತ್ತದೆ. ಉಗ್ರಪಂಥೀಯರು ಜಾವಾಸ್ಕ್ರಿಪ್ಟ್ ಕಡತಕ್ಕೆ ಕತ್ತರಿ ಹಾಕಿ ಅದನ್ನು ನಿವಾರಿಸುತ್ತಾರೆ. ಆ ಕಡತವಿರುವ ಪ್ಯಾಕೇಜಿನ ಮುಂದಿನ ಅಪ್‌ಡೇಟಿಗೆ ಕಿಟಕಿ ಮತ್ತೆ ಹಾಜರ್. ಪ್ರಬಂಧಕಾರನ ತೀರ್ಪು ಇಷ್ಟೇ: ಅದು ಹೇಳುತ್ತಿರುವುದು ನಿಜ, ಓಕೆ ಒತ್ತಿ ಮುಂದೆ ಹೋಗತಕ್ಕದ್ದು.