ಕೀಲಿ ಕೈಯಲ್ಲಿದ್ದೂ ಗೇಟು ಮುಚ್ಚದ ರೀಪರ್‌ಗಳು: ತೆಕ್ಕಲಕೋಟೆ ಪಂಥದ ಮಹಾಪ್ರಬಂಧದ ಸಂಗ್ರಹ

ಯುದ್ಧಶಾಸ್ತ್ರದ ಚರ್ಚೆಯನ್ನು ಕೌಟಿಲ್ಯನಿಂದ ಆರಂಭಿಸುವುದು ವಿದ್ವಾಂಸರ ರೂಢಿ. ಪ್ರಸ್ತುತ ಪ್ರಬಂಧ ಕಾಲುವೆಯಿಂದ ಆರಂಭವಾಗುತ್ತದೆ. ಕಾರಣ ಸರಳ: ಕೌಟಿಲ್ಯನಿಗೆ ಕಾಲುವೆಯ ಕೊನೆ ಭಾಗದಲ್ಲಿ ಭತ್ತದ ಗದ್ದೆ ಇರಲಿಲ್ಲ.

ಆಕರ: ಕೆನಡಾದ ಬಯೋವೇರ್ ಕಂಪನಿ 2007, 2010 ಮತ್ತು 2012ರಲ್ಲಿ ಹೊರತಂದ ‘ಮಾಸ್ ಎಫೆಕ್ಟ್’ ವಿಡಿಯೊ ಗೇಮಿನ ಮೂರು ಪರ್ವಗಳು. ಕ್ಷೇತ್ರ: ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಒಗ್ಗಾಣಿ-ಮಿರ್ಚಿ ಅಂಗಡಿಯ ಮುಂದಿನ ಬೆಂಚು. ಪೂರ್ವಪಕ್ಷವನ್ನು ಮಂಡಿಸಿದವನು ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುವ ಅಳಿಯ. ಉತ್ತರಪಕ್ಷ ಅವನ ಸೋದರಮಾವನದು. ಮಾವ ರಾತ್ರಿ ಬ್ಯಾಟರಿ ಹಿಡಿದು ಗದ್ದೆಗೆ ನೀರು ಕಟ್ಟುವವರು, ಆಟವನ್ನು ಅಳಿಯನ ಹೆಗಲ ಹಿಂದೆ ನಿಂತು ನೋಡಿದವರು. ಪ್ರಬಂಧಕಾರ ಚಹಾದ ದುಡ್ಡು ಕೊಟ್ಟವನಾದ್ದರಿಂದ ತಟಸ್ಥ.

ಕಥಾಸಾರ ಇಷ್ಟು. ಪ್ರತಿ 50,000 ವರ್ಷಕ್ಕೊಮ್ಮೆ ರೀಪರ್ ಎಂಬ ಯಂತ್ರರಾಕ್ಷಸರು ಬಂದು ಮುಂದುವರಿದ ಜೀವಿಗಳನ್ನೆಲ್ಲ ಕೊಯ್ದುಕೊಂಡು ಹೋಗುತ್ತಾರೆ. ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗುಗಳನ್ನು ಚಿಮ್ಮಿಸುವ ರಿಲೇ ಎಂಬ ದ್ವಾರಗಳಿವೆ. ಅವೆಲ್ಲದರ ಹಿಡಿತ ಸಿಟಡೆಲ್ ಎಂಬ ಆಕಾಶಕೋಟೆಯಲ್ಲಿದೆ. ಮೊದಲ ಪರ್ವದಲ್ಲಿ ನಮಗೆ ಹೇಳಿಕೊಟ್ಟ ಪಾಠ: ರೀಪರ್‌ಗಳು ಮೊದಲು ಸಿಟಡೆಲ್ ಹಿಡಿಯುತ್ತಾರೆ, ರಿಲೇಗಳನ್ನು ಬಂದ್ ಮಾಡುತ್ತಾರೆ, ಒಬ್ಬರ ನೆರವಿಗೆ ಇನ್ನೊಬ್ಬರು ಬರದಂತೆ ಮಾಡಿ ಒಂದೊಂದೇ ಲೋಕವನ್ನು ಮುಗಿಸುತ್ತಾರೆ. ಹಿಂದಿನ ಸುತ್ತಿನ ಪ್ರೋಥಿಯನ್ನರೆಂಬ ಜನಾಂಗ ಸತ್ತದ್ದು ಹೀಗೆಯೇ.

ಮೂರನೆಯ ಪರ್ವದಲ್ಲಿ ರೀಪರ್‌ಗಳು ಸಿಟಡೆಲ್ಲನ್ನು ಹಿಡಿದೇಬಿಟ್ಟರು. ಹಿಡಿದದ್ದಷ್ಟೇ ಅಲ್ಲ, ಎಳೆದು ತಂದು ಭೂಮಿಯ ಪಕ್ಕ ನಿಲ್ಲಿಸಿಕೊಂಡರು. ಆಮೇಲೆ ಕಥಾನಾಯಕ ಕಮಾಂಡರ್ ಶೆಪರ್ಡ್ ಇಡೀ ಬ್ರಹ್ಮಾಂಡದ ನೌಕಾಪಡೆಯನ್ನು ಅದೇ ರಿಲೇ ಮೂಲಕ ಮೆರವಣಿಗೆಯಂತೆ ಕರೆತಂದ.

ಇಲ್ಲಿ ಉತ್ತರಪಕ್ಷಿ ಮಿರ್ಚಿ ಕೆಳಗಿಟ್ಟರು.

“ಅಲ್ಲಲೇ, ಗೇಟಿನ ಕೀಲಿ ಅವರ ಕೈಯಾಗ ಐತೆ ಅಂದಿ. ಮತ್ತ ಯಾಕ ಬಂದ್ ಮಾಡ್ಲಿಲ್ಲ?”

“ಪ್ರೋಥಿಯನ್ನರು ಅದನ್ನ ಕೆಡಿಸಿಟ್ಟಿದ್ರು ಮಾಮ.”

“ಕೆಡಿಸಿದ್ದು ಗೇಟಲ್ಲ, ಗೇಟು ಕಾಯೋ ಆಳನ್ನ ಅಂತ ನೀನ ಹೇಳಿದ್ದಿ. ಆಳು ಬರ್ಲಿಲ್ಲಂದ್ರ ಮಾಲೀಕ ತಾನ ಹೋಗಿ ತಿರುವ್ತಾನ.”

ಈ ವಾದದ ತೂಕ ತಿಳಿಯಲು ಭೂಗೋಳ ಸ್ವಲ್ಪ ಬೇಕು. ತುಂಗಭದ್ರಾ ಜಲಾಶಯದ ಬಲದಂಡೆ ಕೆಳಮಟ್ಟದ ಕಾಲುವೆ, ಊರವರ ಬಾಯಲ್ಲಿ ಎಲ್‌ಎಲ್‌ಸಿ, ಬಳ್ಳಾರಿ-ಸಿರುಗುಪ್ಪ ಸೀಮೆ ಹಾಯ್ದು ಆಂಧ್ರಕ್ಕೆ ಹೋಗುತ್ತದೆ. ನೀರು ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ನೀರಾವರಿ ಸಲಹಾ ಸಮಿತಿಯ ತೀರ್ಮಾನ. ತೂಬಿನ ಬಾಯಲ್ಲಿ ರಾತ್ರಿ ಯಾರು ಕೂತಿದ್ದಾರೆ ಎಂಬುದು ಮಾತ್ರ ಬೇರೆಯೇ ಶಾಸ್ತ್ರ. ಮೇಲಿನವನು ಒಂದು ಗೋಣಿಚೀಲ ಮಣ್ಣು ಅಡ್ಡ ಹಾಕಿದರೆ ಕೆಳಗಿನ ಹತ್ತು ಎಕರೆ ನಾಟಿ ಬಾಡುತ್ತದೆ. ಕೋಟಿ ವರ್ಷಗಳ ಯುದ್ಧಾನುಭವವಿರುವ ರೀಪರ್‌ಗಳಿಗೆ ಈ ಗೋಣಿಚೀಲದ ತಂತ್ರ ಹೊಳೆಯಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಅಂದು ಈ ಬೆಂಚಿನ ಮೇಲೆ ಕೂತವರಿಗೆಲ್ಲ ಗೇಟಿಲ್ಲದ ನೀರಿನ ಗತಿ ಏನೆಂದು ಅರ್ಥವಾಗಿತ್ತು. ಗೇಟು ಗಟ್ಟಿಯಾಗಿದ್ದೂ ಮುಚ್ಚದವನ ಬಗ್ಗೆ ಅವರಿಗೆ ಕರುಣೆ ಹುಟ್ಟುವುದಿಲ್ಲ.

ಇನ್ನು ಆಯುಧ ಪ್ರಕರಣ. ಮೊದಲ ಪರ್ವದ ಬಂದೂಕುಗಳಿಗೆ ಗುಂಡು ಮುಗಿಯುವುದೆಂಬುದೇ ಇಲ್ಲ. ಕಾದರೆ ಒಂದು ಗಳಿಗೆ ಆರಲು ಬಿಟ್ಟರಾಯಿತು. ಎರಡನೆಯ ಪರ್ವದ ಹೊತ್ತಿಗೆ, ಕಥೆಯಲ್ಲಿ ಎರಡೇ ವರ್ಷದ ಅಂತರ, ‘ಸುಧಾರಣೆ’ಯಾಗಿ ಥರ್ಮಲ್ ಕ್ಲಿಪ್ ಬಂತು. ಕ್ಲಿಪ್ ಮುಗಿದರೆ ಬಂದೂಕು ಮೌನ. ಇದು ಪ್ರಗತಿಯೋ ಎಂಬ ಪ್ರಶ್ನೆಗೆ 1520ರ ರಾಯಚೂರು ಕದನವನ್ನು ನೋಡಬೇಕು. ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟ ಪ್ರಕಾರ, ಆದಿಲ್‌ಶಾಹಿ ತೋಪುಗಳು ಒಮ್ಮೆಗೇ ಸಿಡಿದು ವಿಜಯನಗರದ ಮುಂಚೂಣಿ ಕದಲಿತು. ಕೃಷ್ಣದೇವರಾಯ ತಾನೇ ಹಿಂದಿನ ಪಡೆಯನ್ನು ನುಗ್ಗಿಸಿ ಶತ್ರುವನ್ನು ಕೃಷ್ಣಾ ನದಿಗೆ ದಬ್ಬಿದ. ಸಿಡಿಸಿಬಿಟ್ಟ ತೋಪು ಮತ್ತೆ ತುಂಬುವ ತನಕ ಬರಿಯ ಕಬ್ಬಿಣವೆಂಬುದು ಆಗಲೇ ಗೊತ್ತಾಗಿದ್ದ ಸಂಗತಿ. 22ನೆಯ ಶತಮಾನದ ಮನುಷ್ಯರು ಅದೇ ಕಷ್ಟವನ್ನು ದುಡ್ಡು ಕೊಟ್ಟು ಕೊಂಡರು.

ಇದಕ್ಕಿಂತ ಘೋರವಾದದ್ದು ಏಯಾ ಗ್ರಹದಲ್ಲಿದೆ. ಅಲ್ಲಿ ಹತ್ತು ವರ್ಷದ ಹಿಂದೆ ಹಡಗು ಒಡೆದು ಸಿಕ್ಕಿಕೊಂಡ ಜನ. ಹೊರಲೋಕದ ಸಂಪರ್ಕವೇ ಇಲ್ಲ. ಅವರ ನಡುವೆಯೂ ಥರ್ಮಲ್ ಕ್ಲಿಪ್‌ಗಳು ಎಲ್ಲೆಂದರಲ್ಲಿ ಬಿದ್ದಿವೆ! ಬೇರೆ ಊರಿನವರು ಇದನ್ನು ಸಣ್ಣ ಎಡವಟ್ಟು ಎನ್ನಬಹುದು. ತೆಕ್ಕಲಕೋಟೆಯವರು ಹಾಗೆನ್ನಲಾರರು. 1963-64ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪರವಾಗಿ ಎಂ.ಎಸ್. ನಾಗರಾಜರಾವ್ ಇಲ್ಲಿನ ಗುಡ್ಡಗಳಲ್ಲಿ ಉತ್ಖನನ ಮಾಡಿ ನವಶಿಲಾಯುಗದ ವಸತಿಯನ್ನು ಹೊರತೆಗೆದ ಊರಿದು. ಮೇಲಿನ ಪದರದ ವಸ್ತು ಕೆಳಗಿನ ಪದರದಲ್ಲಿ ಕಂಡರೆ ಅಗೆಯುವವರು ಮೊದಲು ಹುಡುಕುವುದು ಇಲಿಯ ಬಿಲವನ್ನು. ಏಯಾದಲ್ಲಿ ಇಲಿ ಇತ್ತೆಂದು ಆಟ ಎಲ್ಲಿಯೂ ಹೇಳುವುದಿಲ್ಲ. ಆದ್ದರಿಂದ ಇಲಿ ಬಯೋವೇರ್ ಕಚೇರಿಯಲ್ಲಿತ್ತೆಂದು ಈ ಪಂಥದ ಸಿದ್ಧಾಂತ.

(ಕುಡತಿನಿಯ ಬೂದಿದಿಬ್ಬ ಹಳೆಯ ರೀಪರ್ ದಾಳಿಯ ಕುರುಹು ಎಂದು ಅಳಿಯ ಒಮ್ಮೆ ವಾದಿಸಿದ. ಅದು ರಾಕ್ಷಸರ ಬೂದಿ ಎಂಬ ಐತಿಹ್ಯ ಹಿಂದಿನಿಂದಲೂ ಇದೆ. ಆದರೆ ಪುರಾತತ್ವಜ್ಞ ಆಲ್ಚಿನ್ 1963ರಲ್ಲಿಯೇ ಇಂಥ ದಿಬ್ಬಗಳು ದನದ ಸಗಣಿ ಸುಟ್ಟು ಆದವೆಂದು ಬರೆದಿದ್ದಾರೆ. ವಾದ ಅಲ್ಲಿಗೆ ಬಿದ್ದಿತು.)

ಎರಡನೆಯ ಪರ್ವದಲ್ಲಿ ಶೆಪರ್ಡನ ವೀರರೆಲ್ಲ, ಹನ್ನೆರಡು ಮಂದಿಯಾದರೂ ಸರಿ, ಒಂದೇ ಪುಟ್ಟ ವಾಹನ ಹತ್ತಿ ಎಲ್ಲಿಗೋ ಹೋಗುತ್ತಾರೆ. ಶತ್ರು ಅದೇ ಹೊತ್ತಿಗೆ ಹಡಗಿಗೆ ನುಗ್ಗುತ್ತಾನೆ. ಇದರ ಮೇಲೆ ಮಾವನ ಟೀಕೆ ಒಂದೇ ಸಾಲು: “ಜಾತ್ರಿಗೆ ಹೋಗಬೇಕಾದ್ರೂ ಮನ್ಯಾಗ ಒಂದು ಮುದುಕೀನ ಬಿಟ್ಟು ಹೋಗ್ತೀವಿ.”

ಕಡೆಗೆ ಲಂಡನ್ ಸಮರ. ಸಿಟಡೆಲ್ಲಿಗೇರುವ ಬೆಳಕಿನ ಕಂಬದತ್ತ ಸೈನ್ಯವು ಇಳಿಜಾರಿನಲ್ಲಿ, ಬಯಲಲ್ಲಿ, ಮರೆಯಿಲ್ಲದೆ ಓಡುತ್ತದೆ. ಹಾರ್ಬಿಂಜರ್ ಎಂಬ ಹಿರಿಯ ರೀಪರ್ ಒಬ್ಬೊಬ್ಬರನ್ನೇ ಸುಡುತ್ತಾನೆ. ಆಟದ ಅಂತ್ಯಕ್ಕೆ ಬೈದವರನ್ನು ಸಮಾಧಾನ ಮಾಡಲು 2012ರ ಜೂನಿನಲ್ಲಿ ಬಂದ ವಿಸ್ತೃತ ಆವೃತ್ತಿಯಲ್ಲಿ ಶೆಪರ್ಡನ ಹಡಗು ನಡುರಣಕ್ಕಿಳಿದು ಗಾಯಾಳುಗಳನ್ನು ಹತ್ತಿಸಿಕೊಂಡು ಹೋಗುತ್ತದೆ. ಅಷ್ಟು ಹೊತ್ತೂ ಹಾರ್ಬಿಂಜರ್ ಸುಮ್ಮನೆ ನಿಂತಿರುತ್ತಾನೆ. ಬಸ್ ಸ್ಟಾಪಿನ ಶಿಸ್ತು ಅವನಿಗಿದೆ, ಅದನ್ನು ಮೆಚ್ಚಬೇಕು. ಕೋಪಗೊಂಡ ಅಭಿಮಾನಿಗಳು ಕಂಪನಿಗೆ ಕೆಂಪು, ನೀಲಿ, ಹಸಿರು ಬಣ್ಣದ ಸುಮಾರು 400 ಕಪ್‌ಕೇಕ್ ಕಳಿಸಿದ್ದರು. ಬಣ್ಣ ಮೂರು, ರುಚಿ ಒಂದೇ, ಆಟದ ಮೂರು ಅಂತ್ಯಗಳ ಹಾಗೆ. ವಿಮರ್ಶೆಯ ಇತಿಹಾಸದಲ್ಲಿ ತಿನ್ನಲು ಬರುವ ಏಕೈಕ ಖಂಡನೆ ಇದಿರಬೇಕು.

ಆ ಅಂತ್ಯದಲ್ಲಿ ಕಾಣಿಸಿಕೊಳ್ಳುವ ಬಾಲಕರೂಪಿ ತಾನೇ ರೀಪರ್‌ಗಳ ಒಡೆಯ, ಸಿಟಡೆಲ್ಲೇ ತನ್ನ ಮನೆ ಎನ್ನುತ್ತಾನೆ. ನಮ್ಮ ಸೀಮೆಯ ದೊಡ್ಡಾಟದಲ್ಲಿ ಇಂಥದಕ್ಕೆ ಎಡೆಯಿಲ್ಲ. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಅಡ್ಡ ನಿಂತು ಹೆಸರು, ಊರು, ಬಂದ ಕಾರಣ ಕೇಳಿಯೇ ಬಿಡುತ್ತಾನೆ. ಆದ್ದರಿಂದ ಈ ಪಂಥವು ಮಾವನನ್ನೇ ಸಾರಥಿಯಾಗಿಸಿ, ಅಳಿಯನಿಗೆ ಬಾಲಕನ ಪಾತ್ರ ಕೊಟ್ಟು, ದೃಶ್ಯವನ್ನು ಬೆಂಚಿನ ಮುಂದೆ ಆಡಿಸಿ ಪರೀಕ್ಷಿಸಿತು.

“ಭಲೇ ಬಾಲಕಾ! ಇಷ್ಟು ದಿನ ಎಲ್ಲಿದ್ದೆಪಾ?”

“ಇದೇ ಕೋಟೆಯೊಳಗಿದ್ದೆನೈ ಸಾರಥೀ.”

“ಮತ್ತ ಮೊದಲ ಪರ್ವದಾಗ ಕೋಟೆ ಬಾಗಿಲಾ ತೆಗಿಸಾಕ ನಿನ್ನ ಕಡೆಯವರು ಹೊರಗಿಂದ ದಂಡು ತರಬೇಕಾತಲ್ಲ, ಒಳಗಿದ್ದು ನೀ ಏನ್ ಮಾಡ್ತಿದ್ದಿ?”

ಈ ಪ್ರಶ್ನೆಗೆ ಪಾತ್ರಧಾರಿಗೆ ಯಾರೂ ಮಾತು ಬರೆದುಕೊಟ್ಟಿರಲಿಲ್ಲ. ದೊಡ್ಡಾಟದಲ್ಲಿ ಹೀಗೆ ಮಾತು ಸಿಕ್ಕಿಬಿದ್ದರೆ ಹಿಮ್ಮೇಳದವರು ಮದ್ದಳೆ ಜೋರು ಮಾಡುತ್ತಾರೆ. ಬಯೋವೇರ್‌ನವರು ಬಣ್ಣದ ಬೆಳಕು ಬಿಟ್ಟರು.